ಮನೂಕದ ಮೇಲಿನ ಧೂಳು

ಸುಂದ್ರವ್ವ ಪ್ರಶ್ನೆ ಕೇಳುವ ಹೆಂಗಸು ಎಂದು ಮಡ್ಡಿವಸ್ತಿಯಲ್ಲಿ ಮೊದಲಿನಿಂದಲೂ ಹೆಸರಾಗಿದ್ದಳು. ಅದು ಮೆಚ್ಚಿಕೆಯ ಮಾತೇನೂ ಆಗಿರಲಿಲ್ಲ. ದ್ರಾಕ್ಷಿ ತೋಟಕ್ಕೆ ಕೂಲಿಗೆ ಬಂದವಳು ಕತ್ತರಿ ಹಿಡಿದು ಗೊನೆ ಇಳಿಸಬೇಕು, ಬುಟ್ಟಿ ತುಂಬಬೇಕು. ಈಕೆ ನಡುವೆ ನಿಂತು, ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಯಾಕೆ ಕತ್ತರಿಸುತ್ತೀರಿ, ಒಂದೇ ಸಲ ಕತ್ತರಿಸಿದರೆ ಏನಾಗುತ್ತದೆ ಎಂದು ಮಾಲೀಕರನ್ನೇ ಕೇಳುತ್ತಿದ್ದಳು. ಉತ್ತರ ಸಿಕ್ಕರೆ ತಲೆಯಾಡಿಸಿ ಕೆಲಸಕ್ಕೆ ಹೋಗುವಳು. ಸಿಗದಿದ್ದರೆ ಮರುದಿನ ಮತ್ತೆ ಕೇಳುವಳು.

ನಾನು ಆಗ ತೆಲಸಂಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಮಡ್ಡಿವಸ್ತಿ ಅಲ್ಲಿಂದ ಎರಡು ಮೈಲು. ಒಂದು ಬದಿಗೆ ಮಡ್ಡಿ ಎನ್ನುವ ಕರಿಕಲ್ಲಿನ ಬರಡು ದಿಬ್ಬ, ಇನ್ನೊಂದು ಬದಿಗೆ ಬಾವಿ ತೋಡಿ, ಕಬ್ಬಿಣದ ಕೋನ ನಿಲ್ಲಿಸಿ, ತಂತಿ ಎಳೆದು ಹಬ್ಬಿಸಿದ ಹೊಸ ದ್ರಾಕ್ಷಿ ತೋಟಗಳು. ಸುಂದ್ರವ್ವ ರಾಯಬಾಗದ ಕಡೆಯಿಂದ ಹದಿನೈದರ ವಯಸ್ಸಿನಲ್ಲಿ ಭರಮುವಿನ ಹೆಂಡತಿಯಾಗಿ ಬಂದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೇರಿಯ ಕೊನೆಗೆ ಒಂದು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಇಬ್ಬರು ಹೆಣ್ಣುಮಕ್ಕಳು. ಗಂಡ ಮಡ್ಡಿಯ ಮೇಲೆ ಕಲ್ಲು ಒಡೆದು ಜಲ್ಲಿ ಮಾಡುವ ಖಡಿ ಮಷೀನಿನಲ್ಲಿ ದುಡಿಯುತ್ತಿದ್ದ; ದೊಡ್ಡ ಕಲ್ಲನ್ನು ಮಷೀನಿನ ಬಾಯಿಗೆ ಕೊಡುವುದು ಅವನ ಕೆಲಸ. ಹೆಂಡತಿ ಕೆಳಗೆ ವಿರುಪಾಕ್ಷಪ್ಪನವರ ತೋಟದಲ್ಲಿ ದುಡಿಯುತ್ತಿದ್ದಳು. ಹೀಗಾಗಿ ಮುಂದೆ ಮಡ್ಡಿಗೂ ತೋಟಕ್ಕೂ ಜಗಳ ಹತ್ತಿದಾಗ ಅದು ಅವರ ಒಲೆಯ ಮುಂದೆಯೇ ಬಂದು ಕುಳಿತಿತು.

ಜಗಳ ಹತ್ತಿದ್ದು ಮನೂಕದಿಂದ. ಹಸಿ ದ್ರಾಕ್ಷಿಗೆ ಬೆಲೆ ಬೀಳುವ ವರ್ಷಗಳಲ್ಲಿ ರೈತರು ಅದನ್ನು ಒಣಗಿಸಿ ಮನೂಕ ಮಾಡುವುದನ್ನು ಕಲಿತಿದ್ದರು. ಗೊನೆಗಳನ್ನು ಎಣ್ಣೆ ಬೆರೆಸಿದ ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ಹರವಿದರೆ ಎರಡು ಮೂರು ವಾರಕ್ಕೆ ಒಣಗುತ್ತದೆ. ಗಾಳಿ ಆಡಬೇಕೆಂದು ಶೆಡ್ಡಿಗೆ ಗೋಡೆ ಇರುವುದಿಲ್ಲ. ತಾಡಪಾಲು ಕಟ್ಟಿದರೆ ಕಾಯಿ ಕಪ್ಪಾಗುತ್ತದೆ. ಎಣ್ಣೆಯ ಅಂಟಿನ ಮೇಲೆ ಧೂಳು ಬಿದ್ದರೆ ಮಾತ್ರ ಅದು ಅಲ್ಲಿಯೇ ಕೂತುಬಿಡುತ್ತದೆ.

ಖಡಿ ಮಷೀನು ಬಂದದ್ದು ತೊಂಬತ್ತರಲ್ಲಿ. ಮಾಲೀಕ ಅಥಣಿಯ ರಾವಸಾಹೇಬ, ನಲವತ್ತರ ಆಸುಪಾಸಿನ ಚುರುಕು ಮನುಷ್ಯ. ತೊಂಬತ್ತೆರಡರ ಬೇಸಿಗೆಯಲ್ಲಿ ಸಾಂಗಲಿಯ ವ್ಯಾಪಾರಿಯೊಬ್ಬ ವಿರುಪಾಕ್ಷಪ್ಪನವರ ಮನೂಕವನ್ನು ಬಾಯಿಗೆ ಹಾಕಿಕೊಂಡು ಹಲ್ಲಿಗೆ ಕಲ್ಲು ಸಿಕ್ಕಿತೆಂದು ಉಗುಳಿದ. ಇಡೀ ಮಾಲು ವಾಪಸು ಬಂತು. ಮರುವರ್ಷ ಫೆಬ್ರವರಿಯ ಕೊನೆಗೆ, ಶೆಡ್ಡು ತುಂಬುವ ಹೊತ್ತಿಗೆ, ಹನ್ನೆರಡು ಮಂದಿ ರೈತರು ಮಡ್ಡಿಯ ದಾರಿಗೆ ಅಡ್ಡ ಟ್ರ್ಯಾಕ್ಟರು ನಿಲ್ಲಿಸಿದರು. ಖಡಿ ಹೊರಡಲಿಲ್ಲ, ಮಷೀನು ನಿಂತಿತು, ಕೇರಿಯ ನಲವತ್ತು ಗಂಡಸರಿಗೆ ಕೆಲಸ ಇಲ್ಲದಾಯಿತು. ಐದನೆಯ ದಿನ ಅವರಲ್ಲಿ ಕೆಲವರು ಟ್ರ್ಯಾಕ್ಟರಿನ ಗಾಲಿಯ ಗಾಳಿ ಬಿಟ್ಟರು. ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು.

ಹೋಳಿ ಹುಣ್ಣಿಮೆಯ ಮಾರನೆಯ ದಿನ ತಹಶೀಲ್ದಾರರು ಬಂದು, ಮಡ್ಡಿಯನ್ನೂ ತೋಟವನ್ನೂ ನೋಡಿ, ನೀವು ನೀವೇ ಕೂತು ಮಾತಾಡಿ ಯುಗಾದಿಯೊಳಗೆ ಒಂದು ತೀರ್ಮಾನಕ್ಕೆ ಬನ್ನಿ, ಇಲ್ಲದಿದ್ದರೆ ನಾನು ಏನು ಬರೆಯಬೇಕೋ ಬರೆಯುತ್ತೇನೆ ಎಂದರು. ಅಲ್ಲಿಯವರೆಗೆ ದಾರಿ ತೆರೆಯಿರಿ ಎಂದೂ ಹೇಳಿದರು. ಟ್ರ್ಯಾಕ್ಟರು ಸರಿದವು, ಮಷೀನು ಮತ್ತೆ ಓಡತೊಡಗಿತು. ಎರಡೂ ಕಡೆಗೆ ಸೇರದ ಹೊರಗಿನವನೆಂದು ಸಭೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು.

ಸಭೆ ಎಲ್ಲಿ ಎನ್ನುವುದೇ ಮೊದಲ ತೊಡಕು. ಹಣಮಪ್ಪನ ಗುಡಿಯ ಕಟ್ಟೆಯಲ್ಲಿ ಕೂಡೋಣ ಎಂದರು ರೈತರು. ಅಲ್ಲಿ ಕೂತರೆ ಕೇರಿಯವರು ಕೆಳಗೆ ನಿಲ್ಲಬೇಕಾಗುತ್ತದೆ. ರಾವಸಾಹೇಬರ ಆಫೀಸಿಗೆ ರೈತರು ಬರುವುದಿಲ್ಲ. ಕೊನೆಗೆ ಕನ್ನಡ ಶಾಲೆಯ ದೊಡ್ಡ ಕೋಣೆಯಲ್ಲಿ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂತರು. ಕೂತ ಮೇಲೆ ಮಾತು ಮುಂದಕ್ಕೆ ಹೋಗಲಿಲ್ಲ.

"ಮಷೀನ ಎತ್ತಿಕೊಂಡು ಹೋಗ್ರಿ, ಮುಗೀತು," ಎಂದರು ವಿರುಪಾಕ್ಷಪ್ಪ.

"ಲೈಸೆನ್ಸ್ ಐತಿ. ಎತ್ತೂದಿಲ್ಲ. ನಿಮ್ಮ ಶೆಡ್ಡ ಎತ್ರಿ," ಎಂದರು ರಾವಸಾಹೇಬ.

ಇದನ್ನೇ ಬೇರೆ ಬೇರೆ ದನಿಗಳಲ್ಲಿ ಒಂದು ತಾಸು ಕೇಳಿದ ಮೇಲೆ, ಕಿಟಕಿಯ ಹೊರಗೆ ಹೆಂಗಸರ ನಡುವೆ ನಿಂತಿದ್ದ ಸುಂದ್ರವ್ವ ಒಳಗೆ ಮುಖ ಚಾಚಿ ಕೇಳಿದಳು: "ಸರ್ರ, ಧೂಳಾ ಯಾವಾಗ ಬೀಳ್ತೈತ್ರಿ?"

"ಯಾವಾಗ ಅಂದ್ರ? ದಿನಾಪೂರ್ತಿ ಬೀಳ್ತೈತಿ," ಎಂದರು ವಿರುಪಾಕ್ಷಪ್ಪ.

"ಇಲ್ರಿ ಮಾಲಕ್ರ. ನಾ ದಿನಾಪೂರ್ತಿ ಶೆಡ್ಡಿನ್ಯಾಗ ಇರ್ತೇನಿ. ಮುಂಜಾನಿ ಕೈ ಉಜ್ಜಿದ್ರ ಬರೇ ಎಣ್ಣಿ ಹತ್ತತೈತಿ. ಸಂಜಿಮುಂದ ಉಜ್ಜಿದ್ರ ಉಸುಕ ಹತ್ತತೈತಿ. ಯಾಕ ಹಂಗ ಅಂತ ನನಗ ಗೊತ್ತಿಲ್ಲ. ನಿಮಗ ಗೊತ್ತೈತೇನ್ರಿ?"

ಯಾರಿಗೂ ಗೊತ್ತಿರಲಿಲ್ಲ. ವಿಜ್ಞಾನದ ಮಾಸ್ತರನಾದ ನನಗೂ ಗೊತ್ತಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಕೇಳಬೇಕೆಂದು ನನಗೆ ಹೊಳೆದೂ ಇರಲಿಲ್ಲ. ಸಭೆಯನ್ನು ಹತ್ತು ದಿನ ಮುಂದೂಡಿದೆ. ಹತ್ತು ದಿನದಲ್ಲಿ ಧೂಳು ಯಾವಾಗ, ಎಲ್ಲಿಂದ ಬೀಳುತ್ತದೆ ಎಂದು ನೋಡೋಣ ಎಂದೆ. ರಾವಸಾಹೇಬ ನಕ್ಕರು. ಆದರೆ ಬೇಡ ಎನ್ನಲಿಲ್ಲ.

ನೋಡುವುದು ಹೇಗೆ ಎಂದು ನಾನು ಬೆಳಗಾವಿಯ ಕಾಲೇಜಿನ ಗೆಳೆಯನಿಗೆ ಕಾಗದ ಬರೆಯುತ್ತ ಕುಳಿತಿದ್ದಾಗ ಸುಂದ್ರವ್ವ ಕೆಲಸ ಶುರು ಮಾಡಿಯೇ ಬಿಟ್ಟಿದ್ದಳು. ವಿರುಪಾಕ್ಷಪ್ಪನವರ ಹೆಂಡತಿ ಚನ್ನವ್ವನಿಂದ ಹಳೆಯ ಬಿಳಿ ಧೋತರವೊಂದನ್ನು ಬೇಡಿ ತಂದು ಅಂಗೈಯಗಲದ ತುಂಡುಗಳಾಗಿ ಹರಿದಿದ್ದಳು. ಎರಡು ಬಿದಿರಿನ ಗಳ. ಒಂದು ಶೆಡ್ಡಿನ ಪಡುವಣ ಮೂಲೆಗೆ, ಮಡ್ಡಿಗೆ ಎದುರಾಗಿ. ಇನ್ನೊಂದು ಶೆಡ್ಡಿನ ಹಿಂದೆ, ಗಾಡಿದಾರಿಯ ಬದಿಗೆ. ಪ್ರತಿ ಗಳಕ್ಕೆ ಒಂದು ಒದ್ದೆ ತುಂಡು. ಮುಂಜಾನೆ ಕಟ್ಟಿದ್ದನ್ನು ಮಧ್ಯಾಹ್ನ ಬಿಚ್ಚಿ ಹೊಸದು ಕಟ್ಟುವಳು. ಅದನ್ನು ಹೊತ್ತು ಮುಳುಗುವಾಗ ಬಿಚ್ಚುವಳು. ಮಧ್ಯಾಹ್ನದ ತುಂಡಿನ ತುದಿಗೆ ಒಂದು ಗಂಟು, ದಾರಿಯ ಬದಿಯದಕ್ಕೆ ಎರಡು ಎಳೆ ಕೆಂಪು ದಾರ. ನಾನು ತಾರೀಖು ಬರೆದುಕೊಡುತ್ತೇನೆ ಎಂದದ್ದಕ್ಕೆ, "ಯಾವ ದಿನದ್ದು ಅನ್ನೂದು ಬ್ಯಾಡ್ರಿ ಸರ, ಯಾವ ಹೊತ್ತಿಂದು ಅನ್ನೂದು ಸಾಕು," ಎಂದಳು.

ಮೂರನೆಯ ದಿನ ನಾನು ಹೋದಾಗ ಅವಳು ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಂದು ತುಂಡನ್ನು ತಾಟಿನ ನೀರಿನಲ್ಲಿ ಅದ್ದಿ ಹಿಂಡುತ್ತಿದ್ದಳು. ತಳದಲ್ಲಿ ಕೂತದ್ದನ್ನು ಬೆರಳಿನಿಂದ ಎತ್ತಿ ನನ್ನ ಬೆರಳಿಗೆ ಹಚ್ಚಿದಳು.

"ಇದು ದಾರಿಕಡೀದು. ಹೆಂಗೈತಿ ನೋಡ್ರಿ."

ಕಂದು ಬಣ್ಣ, ನುಣ್ಣಗೆ, ಅಂಟು. ಮಣ್ಣು.

"ಈಗ ಇದು. ಮಡ್ಡಿಕಡೀದು."

ಬೂದಿ ಬಣ್ಣ. ಉಜ್ಜಿದರೆ ಚರಚರ ಎನ್ನುತ್ತಿತ್ತು. ಕಲ್ಲಿನ ಪುಡಿ.

"ಅಂದ್ರ ಎರಡು ಥರದ ಧೂಳಾ ಅದಾವ್ರಿ," ಎಂದಳು. ಅವಳ ಮುಖದಲ್ಲಿ ಗೆದ್ದ ಭಾವನೆ ಇರಲಿಲ್ಲ. ಅಂಗಡಿಯಲ್ಲಿ ಹೊಸ ಸಾಮಾನು ಕಂಡವರ ಮುಖದಂತಿತ್ತು ಅದು. "ಒಂದು ಮಷೀನಿಂದು. ಇನ್ನೊಂದು ಟ್ರ್ಯಾಕ್ಟರ ಎಬ್ಬಸೂದು. ಆ ದಾರ್ಯಾಗ ಖಡಿ ಗಾಡೀನೂ ಓಡ್ತಾವು, ನಮ್ಮ ಮಾಲಕ್ರ ಗಾಡೀನೂ ಓಡ್ತಾವು."

ಗಾಳಿಯ ಲೆಕ್ಕವನ್ನೂ ಅವಳೇ ಹಿಡಿದಳು. ಆ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ಮೂಡಣದಿಂದ ಮೆಲ್ಲಗೆ ಗಾಳಿ ಇರುತ್ತದೆ. ಬಿಸಿಲೇರಿದ ಮೇಲೆ ಅದು ತಿರುಗಿ ಪಡುವಣದಿಂದ ಜೋರಾಗಿ ಬೀಸುತ್ತದೆ. ಮಷೀನು ಇರುವುದು ಪಡುವಣಕ್ಕೆ. ಬೆಳಗಿನ ಕಲ್ಲುಪುಡಿ ಬರಡು ಮಡ್ಡಿಯ ಮೇಲೆ ಹೋಗಿ ಬೀಳುತ್ತಿತ್ತು, ಮಧ್ಯಾಹ್ನದ್ದು ಶೆಡ್ಡಿನ ಮೇಲೆ.

ಎರಡನೆಯ ಸಭೆಗೆ ಅವಳನ್ನು ನಾನು ಒಳಗೆ ಕರೆದೆ. ಒಬ್ಬಿಬ್ಬರು ಗೊಣಗಿದರು. ಅವಳು ಜಮಖಾನೆಯ ಅಂಚಿಗೆ ಕೂತು ಬುಟ್ಟಿಯಿಂದ ತುಂಡುಗಳನ್ನು ತೆಗೆದು ನಾಲ್ಕು ಸಾಲು ಹರವಿದಳು. ಬೆಳಗಿನವು, ಮಧ್ಯಾಹ್ನದವು, ಮಡ್ಡಿಯ ಕಡೆಯವು, ದಾರಿಯ ಕಡೆಯವು. ವಿವರಿಸಬೇಕಾದದ್ದು ಹೆಚ್ಚಿರಲಿಲ್ಲ. ಮಡ್ಡಿಯ ಕಡೆಯ ಬೆಳಗಿನ ಸಾಲು ಹೆಚ್ಚುಕಡಿಮೆ ಬಿಳಿಯಾಗಿತ್ತು, ಮಧ್ಯಾಹ್ನದ ಸಾಲು ಬೂದಿಯಾಗಿತ್ತು. ದಾರಿಯ ಕಡೆಯ ಎರಡೂ ಸಾಲು ಕಂದಾಗಿದ್ದವು.

ರಾವಸಾಹೇಬ ಕಂದು ತುಂಡೊಂದನ್ನು ಎತ್ತಿ ಹಿಡಿದು, "ನೋಡ್ರಿ, ಅರ್ಧ ಧೂಳಾ ಇವರದ ಐತಿ," ಎಂದರು.

"ಉಳಿದ ಅರ್ಧ ಯಾರ್ದು?" ಎಂದರು ವಿರುಪಾಕ್ಷಪ್ಪ.

ಮತ್ತೆ ಹಳೆಯ ಜಾಡು ಹಿಡಿಯಿತು ಎಂದುಕೊಂಡೆ. ಆಗ ಸುಂದ್ರವ್ವ ಬುಟ್ಟಿಯ ತಳದಿಂದ ಇನ್ನೊಂದು ತುಂಡು ತೆಗೆದಳು. ಉಳಿದವುಗಳಿಗಿಂತ ದೊಡ್ಡದು, ಮೂಲೆಗಳಲ್ಲಿ ಕಟ್ಟಿದ ಗುರುತು. ನಡುವೆ ಬೂದಿಬಣ್ಣದ ದಪ್ಪ ಹೆಪ್ಪು.

"ಇದನ್ನ ಗಳಕ್ಕ ಕಟ್ಟಿದ್ದಿಲ್ರಿ. ನಮ್ಮ ಮನ್ಯಾವ್ರು ಮೂರು ದಿನ ಮೂಗು ಬಾಯಿಗೆ ಕಟ್ಟಿಕೊಂಡಿದ್ರು. ಇದು ಮುಂಜಾನೀನೂ ಹಿಂಗ, ಮಧ್ಯಾಹ್ನನೂ ಹಿಂಗ. ಇದಕ್ಕ ಗಾಳಿ ದಿಕ್ಕು ಇಲ್ರಿ." ಯಾರ ಕಡೆಗೂ ನೋಡದೆ ಕೇಳಿದಳು: "ಮನೂಕ ತೊಳದು ಒಣಗಸಬಹುದು. ಎದಿಯೊಳಗ ಹ್ವಾದದ್ದು ಹೆಂಗ ತಗೀತಾರ್ರಿ? ಯಾರಿಗರ ಗೊತ್ತೈತೇನು?"

ಭರಮು ಹಿಂದಿನ ಸಾಲಿನಲ್ಲಿದ್ದ. ಅವಳು ಆ ಬಟ್ಟೆ ಸಭೆಗೆ ತಂದದ್ದು ಅವನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಕೂತವನಿಗೆ ಅದೇ ಹೊತ್ತಿಗೆ ಕೆಮ್ಮು ಬಂತು. ತಡೆಯಲು ನೋಡಿದ, ಆಗಲಿಲ್ಲ, ಎದ್ದು ಹೊರಗೆ ಹೋದ. ಅವನ ಕೆಮ್ಮು ಗೋಡೆಯಾಚೆ ಬಹಳ ಹೊತ್ತು ಕೇಳಿಸುತ್ತಿತ್ತು. ರಾವಸಾಹೇಬ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟು ಆ ದೊಡ್ಡದನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು. "ಮೂರು ದಿನದ್ದ?" ಎಂದು ಕೇಳಿದರು.

"ಹೌದ್ರಿ."

ಆ ರಾತ್ರಿ ಭರಮು ಉಣ್ಣದೆ ಮಲಗಿದನಂತೆ. "ನನ್ನ ಬಾಯಿಗೆ ಕಟ್ಟಿದ ಬಟ್ಟಿ ಊರ ಮುಂದ ಹಿಡದಿ. ನಾಳೆ ನಾ ಕೆಲಸಕ್ಕ ಹೆಂಗ ಹೋಗ್ಲಿ?" ಎಂದವನು ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ಕೇಳದೆ ತಂದದ್ದು ತಪ್ಪು ಎಂದು ಅವಳಿಗೂ ಅನ್ನಿಸಿತ್ತು. ಬಹಳ ವರ್ಷಗಳ ಮೇಲೆ ನನ್ನೊಂದಿಗೆ ಈ ಮಾತು ಎತ್ತಿದಾಗಲೂ ಅದನ್ನು ಒಪ್ಪಿಕೊಂಡಳು. "ಕೇಳಿದ್ರ ಒಲ್ಲೆ ಅಂತಿದ್ರು. ಅದಕ್ಕ ಕೇಳಲಿಲ್ಲ. ಆದರ ಕೇಳಬೇಕಾಗಿತ್ತು," ಎಂದಳು.

ಆದರೆ ಅಂದಿನಿಂದ ಮಾತಿನ ಧಾಟಿ ಬದಲಾಯಿತು. ಯಾರು ಹೋಗಬೇಕು ಎನ್ನುವುದು ಬಿಟ್ಟು ಯಾವ ಹೊತ್ತಿಗೆ ಏನು ನಡೆಯಬೇಕು ಎನ್ನುವುದಕ್ಕೆ ಬಂದರು. ಮನೂಕದ ಹಂಗಾಮಿನ ಎರಡು ತಿಂಗಳು ಮಷೀನು ಬೆಳಗಿನ ಆರರಿಂದ ಹನ್ನೆರಡರವರೆಗೆ ಮಾತ್ರ ಓಡಬೇಕು. ಮಷೀನಿನ ಬಾಯಿಗೆ ನೀರು ಚಿಮ್ಮುವ ಕೊಳವೆ ಹಾಕಿಸುವುದು ರಾವಸಾಹೇಬರದು, ಅದಕ್ಕೆ ಹಿಂದಿನ ಸಂಜೆಯೇ ತುಂಬಿಸಿಡುವ ನೀರು ವಿರುಪಾಕ್ಷಪ್ಪನವರ ಬಾವಿಯದು. ಗಾಡಿದಾರಿಗೆ ದಿನಾ ಒಂದು ಟ್ಯಾಂಕರು ನೀರು. ಟ್ಯಾಂಕರು ಮಷೀನಿನವರದು, ನೀರು ರೈತರದು. ಅರ್ಧ ದಿನದ ಕೆಲಸ ತಪ್ಪುವ ಗಂಡಸರನ್ನು ಮಧ್ಯಾಹ್ನ ದ್ರಾಕ್ಷಿ ಇಳಿಸಲು ಕರೆಯಬೇಕು, ಜತ್ತದ ಕಡೆಯಿಂದ ಆಳು ತರಬಾರದು.

ಎಲ್ಲ ಒಪ್ಪಿದ ಮೇಲೆ ಒಂದು ಗಂಟು ಉಳಿಯಿತು. ಮಷೀನಿಗೂ ತೋಟದ ಪಂಪುಗಳಿಗೂ ಇದ್ದದ್ದು ಒಂದೇ ಟಿಸಿ, ಒಂದೇ ಟ್ರಾನ್ಸ್‌ಫಾರ್ಮರು. ಮಷೀನು ಚಾಲೂ ಆದರೆ ಕರೆಂಟು ಇಳಿದು ಪಂಪು ನೀರೆತ್ತುವುದಿಲ್ಲ. ಈವರೆಗೆ ಮಷೀನು ಎಂಟಕ್ಕೆ ಶುರುವಾಗುವ ಮೊದಲೇ ರೈತರು ನೀರೆತ್ತಿಕೊಳ್ಳುತ್ತಿದ್ದರು. ಬೆಳಗಿನ ಹೊತ್ತು ಪೂರ್ತಿ ಮಷೀನಿಗೆ ಬಿಟ್ಟರೆ ತೋಟಕ್ಕೆ ನೀರು ಮಧ್ಯಾಹ್ನವೇ ಹಾಯಿಸಬೇಕು. ಕೊಯ್ಲಿನ ತೋಟಕ್ಕೆ ಹೇಗೂ ನೀರು ಕಡಿಮೆ ಮಾಡುವ ಕಾಲ ಅದು; ಹನ್ನೊಂದು ಮಂದಿ ಆಗಲಿ ಎಂದರು. ಎಪ್ಪತ್ತು ದಾಟಿದ ಮುರಗೆಪ್ಪಜ್ಜ ಮಾತ್ರ ಆಗುವುದಿಲ್ಲ ಎಂದರು. ಯಾಕೆ ಎಂದರೆ ಹೇಳಲಿಲ್ಲ. ಎದ್ದು ಹೋದರು.

ಮುದುಕನ ಹಟ ಎಂದರು ಎಲ್ಲರೂ. ಯುಗಾದಿಗೆ ಉಳಿದದ್ದು ಎರಡು ದಿನ. ಸುಂದ್ರವ್ವ ನನ್ನ ಹತ್ತಿರ ಬಂದು, "ಸರ, ಅಜ್ಜಾರ ತ್ವಾಟಕ್ಕ ಹೋಗಿ ಬರೋಣೇನ್ರಿ? ಅವರ ತ್ವಾಟ ನಾ ನೋಡೇ ಇಲ್ಲ," ಎಂದಳು.

ಹೋದೆವು. ಅಜ್ಜ ಬಾವಿಯ ಹತ್ತಿರ ಬೇವಿನ ನೆರಳಿನಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದರು. ಸುಂದ್ರವ್ವ ತೋಟದ ಮಾತೇ ಎತ್ತಲಿಲ್ಲ. ಸುತ್ತ ನೋಡಿದಳು, ಬಾವಿಯ ಹತ್ತಿರ ಹೋಗಿ ಬಗ್ಗಿದಳು.

"ಅಜ್ಜಾರ, ಈ ಗ್ವಾಡಿ ಯಾಕ ಹಿಂಗ ಸೀಳೈತ್ರಿ?"

ಅಜ್ಜನ ಕೈ ನಿಂತಿತು. "ಸಿಡಿಮದ್ದು ಹಾರಿಸಿದ್ರಲ್ಲ ಮಡ್ಡಿ ಮ್ಯಾಲ, ಮದಲನೇ ವರ್ಷ. ಅವತ್ತ ಸೀಳಿತು. ನಮ್ಮಪ್ಪ ಕೈಲೇ ಕಟ್ಟಿದ ಬಾವಿ."

"ಯಾರಿಗರ ಹೇಳಿದ್ರೇನ್ರಿ?"

"ಹೇಳಿ ಕಳಿಸಿದ್ನಿ. ಮೂರು ವರ್ಷ ಆತು. ಯಾರೂ ಬಂದು ಬಗ್ಗಿ ನೋಡಿಲ್ಲ. ಈಗ ನನ್ನ ಕರೆಂಟು ಕೇಳಾಕತ್ತಾರ."

ಅವರ ಬಾವಿಯಲ್ಲಿ ನೀರು ಸೋರಿಹೋಗಿ ಅರ್ಧ ತಾಸು ಓಡಿಸಿದರೆ ತಳ ಕಾಣುತ್ತಿತ್ತು. ಬೆಳಗಿನ ಹೊತ್ತಿಗೆ ಒಂದಿಷ್ಟು ಸೇರಿರುತ್ತದೆ; ಅದನ್ನು ಆಗಲೇ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಸೋರಿಹೋಗುತ್ತದೆ. ಹಟ ಎಂದು ನಾವು ಕರೆದದ್ದರ ಒಳಗೆ ಇಷ್ಟಿತ್ತು.

ನಾನು ಅದೇ ಮಧ್ಯಾಹ್ನ ಅಥಣಿಗೆ ಹೋಗಿ ರಾವಸಾಹೇಬರಿಗೆ ಹೇಳಿದೆ. ದುರಸ್ತಿ ಮಾಡಿಸಿಕೊಡೋಣ ಬಿಡ್ರಿ ಎಂದರು. ಮೊದಲು ಬಂದು ನೋಡಿ ಎಂದೆ. ಮರುದಿನ ಅವರು ಮೋಟರ್‌ಸೈಕಲ್ ದಾರಿಯಲ್ಲೇ ನಿಲ್ಲಿಸಿ, ತೋಟದೊಳಗೆ ನಡೆದು ಬಂದರು. ಬಾವಿಯ ಅಂಚಿಗೆ ಕೂತು ಬಗ್ಗಿ ನೋಡಿದರು. ಮೆಟ್ಟಿಲಿಳಿದು ಸೀಳಿನೊಳಗೆ ಕೈ ಹಾಕಿದರು. ಮೇಲೆ ಬಂದಾಗ ಅವರ ಅಂಗಿಯ ತೋಳು ಕೆಸರಾಗಿತ್ತು.

"ಅಜ್ಜಾರ, ನನಗ ಸುದ್ದಿ ಮುಟ್ಟಿತ್ತು. ನಾ ಬರಲಿಲ್ಲ. ತಪ್ಪಾತು," ಎಂದರು.

ಮುರಗೆಪ್ಪಜ್ಜ ಸೊಸೆಯನ್ನು ಕೂಗಿ ನೀರು ತರಿಸಿದರು. ರಾವಸಾಹೇಬ ಕುಡಿದರು. ಆಮೇಲಿನ ಮಾತು ಸಣ್ಣದು. ಗೋಡೆ ಕಟ್ಟುವವರೆಗೆ ಮಷೀನು ಏಳಕ್ಕೆ ಶುರುವಾಗುತ್ತದೆ, ಆರರಿಂದ ಏಳರವರೆಗಿನ ಕರೆಂಟು ಅಜ್ಜನ ಪಂಪಿಗೆ. ಮಡ್ಡಿಯಲ್ಲಿ ಸಿಡಿಮದ್ದು ಹಾರಿಸುವ ಮುನ್ನಾದಿನ ಸುತ್ತಲಿನವರಿಗೆಲ್ಲ ಹೇಳಿ ಕಳಿಸಬೇಕು.

ಯುಗಾದಿಯ ಹಿಂದಿನ ಸಂಜೆ ಕರಾರು ಬರೆದೆ. ಹನ್ನೆರಡು ಮಂದಿ ರೈತರು, ರಾವಸಾಹೇಬ, ಕೇರಿಯ ಪರವಾಗಿ ಭರಮು ಸಹಿ ಹಾಕಬೇಕೆಂದಾಯಿತು. ಭರಮು ಪೆನ್ನು ತೆಗೆದುಕೊಳ್ಳಲಿಲ್ಲ. "ಆಕೀದು ತಗೋರಿ ಸರ. ಬಟ್ಟಿ ಕಟ್ಟಿದಾಕಿ ಆಕಿ," ಎಂದ. ಎರಡು ದಿನಗಳ ನಂತರ ಅವನು ಅವಳ ಬಗ್ಗೆ ಆಡಿದ ಮೊದಲ ಮಾತು ಅದು. ಸುಂದ್ರವ್ವ ಹೆಬ್ಬೆಟ್ಟು ಒತ್ತುವ ಮೊದಲು ನಾನು ಬರೆದದ್ದನ್ನು ಇನ್ನೊಮ್ಮೆ ಓದಿಸಿಕೊಂಡಳು. "ಮೂಗಿಗೆ ಕಟ್ಟೂ ಬಟ್ಟಿ ಕೊಡೂದು ಅದರಾಗ ಬರಲಿಲ್ಲಲ್ರಿ," ಎಂದಳು. ಬರೆದೆ.

ಎಲ್ಲವೂ ನೆಟ್ಟಗಾಯಿತು ಎನ್ನಲಾರೆ. ನೀರಿನ ಕೊಳವೆ ಮೊದಲ ವರ್ಷ ಮೂರು ಸಲ ಕಟ್ಟಿಕೊಂಡಿತು. ಟ್ಯಾಂಕರು ಕೆಲವು ದಿನ ಬರಲಿಲ್ಲ. ತೊಂಬತ್ತೈದರಲ್ಲಿ ದೊಡ್ಡ ರಸ್ತೆಯ ಕೆಲಸ ಸಿಕ್ಕಾಗ ರಾವಸಾಹೇಬ ಮಧ್ಯಾಹ್ನವೂ ಮಷೀನು ಓಡಿಸಿದರು. ಆಗ ಯಾರೂ ಟ್ರ್ಯಾಕ್ಟರು ಅಡ್ಡ ನಿಲ್ಲಿಸಲಿಲ್ಲ. ಶಾಲೆಯ ಕೋಣೆಯಲ್ಲಿ ಜಮಖಾನೆ ಹಾಸಿದರು, ಒಂದು ತಾಸಿನಲ್ಲಿ ಮಾತು ಮುಗಿಯಿತು. ಮನೂಕ ಸಾಂಗಲಿಯಿಂದ ವಾಪಸು ಬರುವುದು ನಿಂತಿತು. ಭರಮು ಅದೇ ವರ್ಷ ಮಷೀನು ಬಿಟ್ಟ. ಮಿರಜಿನ ಡಾಕ್ಟರರು ಎದೆಯ ಫೋಟೋ ನೋಡಿ, ಇನ್ನು ಕಲ್ಲಿನ ಹತ್ತಿರ ಹೋಗಬೇಡ ಎಂದಿದ್ದರು. ವಿರುಪಾಕ್ಷಪ್ಪ ಅವನನ್ನು ಮನೂಕ ಆರಿಸುವ ಕೆಲಸಕ್ಕೆ ಇಟ್ಟುಕೊಂಡರು. ಕೆಮ್ಮು ಕಡಿಮೆಯಾಯಿತು, ಹೋಗಲಿಲ್ಲ.

ತೊಂಬತ್ತೇಳರಲ್ಲಿ ನನಗೆ ಚಿಕ್ಕೋಡಿಗೆ ವರ್ಗವಾಯಿತು. ಎರಡು ವರ್ಷಗಳ ಮೇಲೆ ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಕೂದಲು ನರೆತಿತ್ತು, ಕೈಯಲ್ಲಿ ಬುತ್ತಿಯ ಗಂಟು. ಕಾಗವಾಡದ ಕಡೆ ಹೊರಟಿದ್ದಳು. ಅಲ್ಲಿ ಒಂದು ಊರಿನಲ್ಲಿ ಹಳ್ಳದ ನೀರು ಕೆಂಪಾಗಿ ಮೀನು ಸತ್ತು ತೇಲುತ್ತಿದ್ದವಂತೆ. ಹಳ್ಳದ ಮೇಲುಗಡೆಯವರಿಗೂ ಕೆಳಗಡೆಯವರಿಗೂ ಮಾತು ನಿಂತಿತ್ತು. ಅಲ್ಲಿಗೆ ಮದುವೆ ಮಾಡಿಕೊಟ್ಟ ಮಗಳು, ನಮ್ಮವ್ವನನ್ನು ಒಮ್ಮೆ ಕರೆಸಿ ನೋಡಿ ಎಂದು ಊರವರಿಗೆ ಹೇಳಿದ್ದಳು.

"ಏನು ಹೇಳಾಕ ಹೊಂಟೀ ಅವರಿಗೆ?" ಎಂದು ಕೇಳಿದೆ.

"ಹೇಳೂದು ಏನೈತ್ರಿ ಸರ. ಹಳ್ಳಾ ಹಿಡದು ಮ್ಯಾಲಕ ನಡೀಬೇಕು, ಎಲ್ಲೆಲ್ಲಿ ಬಣ್ಣ ಬದಲಾಗ್ತೈತಿ ನೋಡಬೇಕು. ನನ್ನ ಜೋಡಿ ಎರಡೂ ಕಡೆಯವ್ರು ಬರ್ಬೇಕು ಅಂತ ಹೇಳಿ ಕಳಿಸೇನಿ. ಬರ್ತೇವಿ ಅಂದಾರ." ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಸರ, ಮೀನು ನೀರಾಗ ಉಸರಾಡ್ತಾವಲ್ಲ, ಹೆಂಗ್ರಿ ಅದು?"

ನಾನು ಕಿವಿರಿನ ಬಗ್ಗೆ, ನೀರಿನಲ್ಲಿ ಕರಗಿದ ಗಾಳಿಯ ಬಗ್ಗೆ ಹೇಳತೊಡಗಿದೆ. ಕೊಳೆ ಹೆಚ್ಚಾದರೆ ಆ ಗಾಳಿ ಕಡಿಮೆಯಾಗುತ್ತದೆ ಎಂದೆ. ಅವಳು ಗಂಟನ್ನು ಕಲ್ಲಿನ ಮೇಲಿಟ್ಟು ಕೇಳುತ್ತ ನಿಂತಳು. ಕಾಗವಾಡದ ಬಸ್ಸು ಬಂತು, ಜನ ಹತ್ತಿದರು, ಕಂಡಕ್ಟರ್ ಎರಡು ಸಲ ಕರೆದ. ಅವಳು ಮುಂದಿನ ಬಸ್ಸಿಗೆ ಹೋಗುತ್ತೇನೆಂದು ಅವನಿಗೆ ಕೈಮಾಡಿ, "ಹಂ, ಮುಂದ ಹೇಳ್ರಿ," ಎಂದಳು.